ನಮ್ಮ ಬೀದಿಯ ಗಾಳಿಯನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಂಕ್ಷನ್ ಪಕ್ಕದ ವಿಜಿನಾಪುರದಲ್ಲಿ ನಮ್ಮ ಮನೆ. ಬಾಲ್ಕನಿಯ ತುಳಸಿ ಎಲೆಯನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಬೆರಳಿಗೆ ಕಪ್ಪು ಹತ್ತುತ್ತದೆ. ಏಳು ವರ್ಷದ ಮಗಳಿಗೆ ಚಳಿ ಶುರುವಾಯಿತೆಂದರೆ ಉಬ್ಬಸ, ಶಾಲೆ ಬ್ಯಾಗಿನಲ್ಲಿ ಇನ್‌ಹೇಲರ್ ಇರಲೇಬೇಕು. ಆದರೆ ಮೊಬೈಲ್‌ನಲ್ಲಿ ನೋಡಿದರೆ ಎಷ್ಟೋ ದಿನ ಬೆಂಗಳೂರಿನ ಗಾಳಿ 'ಸಮಾಧಾನಕರ' ಅಂತಲೇ ಇರುತ್ತದೆ.

ಆ ಅಂಕಿ ಸುಳ್ಳು ಅಂತ ಹೇಳುತ್ತಿಲ್ಲ. ಹೆಬ್ಬಾಳ, ಪೀಣ್ಯ, ಸಿಲ್ಕ್ ಬೋರ್ಡ್ ಹೀಗೆ ಕೆಲವೇ ಕಡೆ ಅಳತೆ ಕೇಂದ್ರಗಳಿವೆ, ಅದು ಅಲ್ಲಿನ ಗಾಳಿ. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳಿಗೆ ಅಳತೆ ಯಂತ್ರ ಇಟ್ಟು ಒಂದು ವರ್ಷ ಬೀದಿ ಬೀದಿ ಸುತ್ತಿಸಿದ್ದರು. ಒಂದೇ ಬೀದಿಯೊಳಗೆ ಮಾಲಿನ್ಯ ಐದರಿಂದ ಎಂಟು ಪಟ್ಟು ಹೆಚ್ಚುಕಮ್ಮಿ ಇರಬಹುದು ಅಂತ 2017ರಲ್ಲಿ ವರದಿ ಬಂತು. ನಮ್ಮ ಸಿಗ್ನಲ್‌ಗೂ ಒಳಗಿನ ಬೀದಿಗೂ ಎಷ್ಟು ವ್ಯತ್ಯಾಸ ಇದೆಯೋ, ಅಳೆದವರು ಯಾರು?

ನಮ್ಮಲ್ಲಿ ಇದಕ್ಕೆ ಹೊಸ ಕಾರು ಬೇಡ, ಬಸ್ಸುಗಳಿವೆಯಲ್ಲ, ಅವುಗಳ ಮೇಲೆ ಗಾಳಿ ಅಳೆಯುವ ಚಿಕ್ಕ ಸೆನ್ಸರ್ ಇಟ್ಟರೆ ಸಾಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹೋಗುವ 500ಡಿ ಬಸ್ಸನ್ನೇ ನೋಡಿ. ದಿನಕ್ಕೆ ಎಷ್ಟೋ ಸಲ ಅದೇ ರಸ್ತೆ, ನಮ್ಮ ಟಿನ್ ಫ್ಯಾಕ್ಟರಿ ಮೇಲೇ ಹೋಗುತ್ತದೆ, ಎರಡೂ ತುದಿಯ ಬಡಾವಣೆಯಲ್ಲಿ ದೊಡ್ಡ ಅಳತೆ ಕೇಂದ್ರ ಇದೆ. ಇದು ಮುಖ್ಯ, ಏಕೆಂದರೆ ಈ ಚಿಕ್ಕ ಸೆನ್ಸರ್‌ಗಳು ಧೂಳಿನ ಕಣದ ಮೇಲೆ ಬೆಳಕು ಬಿಟ್ಟು, ಅದು ಚದುರುವುದನ್ನು ನೋಡಿ ಲೆಕ್ಕ ಹಾಕುತ್ತವೆ, ತೇವ ಜಾಸ್ತಿ ಇದ್ದರೆ ಕಣ ಉಬ್ಬಿ ಅಂಕಿ ಏರಿಬಿಡುತ್ತದೆ. ಆಗಾಗ ದೊಡ್ಡ ಯಂತ್ರದ ಪಕ್ಕ ಇಟ್ಟು ತಾಳೆ ನೋಡದಿದ್ದರೆ ಸುಮ್ನೆ ಡಬ್ಬ ಹೊತ್ತು ತಿರುಗಿದ ಹಾಗೆ. ಎಲೆಕ್ಟ್ರಿಕ್ ಬಸ್ಸಾದರೆ ಇನ್ನೂ ಒಳ್ಳೆಯದು, ಅದರದೇ ಹೊಗೆ ಅಳತೆಗೆ ಸೇರುವುದಿಲ್ಲ. ಬಸ್ಸು ನುಗ್ಗದ ಗಲ್ಲಿಗಳಿಗೆ ಕಸದ ಆಟೋ ಇದ್ದೇ ಇದೆ. ಒಂದು ದಿನ ಸುತ್ತಿದರೆ ಏನೂ ಗೊತ್ತಾಗದು, ಮಳೆಗಾಲ ಚಳಿಗಾಲ ಎರಡರಲ್ಲೂ ತಿಂಗಳುಗಟ್ಟಲೆ ಅಳೆಯಬೇಕು.

ಬಂದ ಅಂಕಿಯನ್ನು ಬೀದಿವಾರು, ಕನ್ನಡದಲ್ಲಿ ಹಾಕಲಿ. ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಪಿಎಂ 2.5 ಕಣಕ್ಕೆ ನಮ್ಮ ದೇಶದ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ಎರಡನ್ನೂ ಪಕ್ಕದಲ್ಲೇ ಬರೆಯಲಿ. ಮಗಳ ಶಾಲೆಗೆ ಎರಡು ದಾರಿ ಇವೆ. ಹತ್ತು ನಿಮಿಷ ಜಾಸ್ತಿಯಾದರೂ ಒಳಗಿನ ಬೀದಿಯೇ ಇರಲಿ ಅಂತ ಬರೀ ಅಂದಾಜಿನ ಮೇಲೆ ದಿನಾ ನಡೆಯುತ್ತಿದ್ದೇವೆ.

– ಒಬ್ಬ ತಾಯಿ, ವಿಜಿನಾಪುರ, ಬೆಂಗಳೂರು