ಮುರ್ಸಿ ಎಂದರೆ ತುಟಿಯ ಬಿಲ್ಲೆ ಮಾತ್ರವೇ?

ಮಾನ್ಯರೇ,

ಇಥಿಯೋಪಿಯಾದ ಓಮೋ ಕಣಿವೆ ಎಂದರೆ ಪಾಶ್ಚಾತ್ಯ ಪ್ರವಾಸ ಪತ್ರಿಕೆಗಳು, ಟಿವಿ ಚಾನೆಲ್‌ಗಳು ತೋರಿಸುವುದು ಹೆಚ್ಚುಕಡಿಮೆ ಒಂದೇ ಚಿತ್ರ: ಕೆಳತುಟಿಯಲ್ಲಿ ಮಣ್ಣಿನ ಬಿಲ್ಲೆ ಇಟ್ಟುಕೊಂಡ ಮುರ್ಸಿ ಬುಡಕಟ್ಟಿನ ಹೆಂಗಸು. ಕಾಲವೇ ನಿಂತುಹೋದ ನಾಡು ಎನ್ನುವ ಧಾಟಿಯ ಶೀರ್ಷಿಕೆ. ಆಕೆಯ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಆ ಫೋಟೊ ಹಿಂದಿನ ವ್ಯವಹಾರವನ್ನು ಹೇಳುವವರು ಕಡಿಮೆ. ಪ್ರವಾಸಿಗರು ಜೀಪಿನಲ್ಲಿ ಬರುತ್ತಾರೆ, ಫೋಟೊಗೆ ಇಷ್ಟು ಅಂತ ದುಡ್ಡು ಕೊಡುತ್ತಾರೆ, ಸ್ವಲ್ಪ ಹೊತ್ತಿಗೆ ಹೊರಡುತ್ತಾರೆ. ಜಾಸ್ತಿ ಜನ ಫೋಟೊ ತೆಗೆಯಲಿ ಅಂತ ಮುರ್ಸಿಗಳು ಕೊಂಬು, ಬಣ್ಣ ಎಲ್ಲ ಸೇರಿಸಿ ಮಾಮೂಲಿಗಿಂತ ವಿಚಿತ್ರವಾಗಿ ಸಿಂಗರಿಸಿಕೊಳ್ಳುತ್ತಾರೆ. ಕ್ಯಾಮೆರಾಗೆಂದೇ ಹಾಕಿದ ಆ ವೇಷ ಓದುಗರ ಮುಂದೆ ಪುರಾತನ ಸಂಪ್ರದಾಯವಾಗಿ ಬರುತ್ತದೆ! ಮುರ್ಸಿಗಳು ಬುದ್ಧಿವಂತರು ಬಿಡಿ, ಗಿರಾಕಿಗೆ ಬೇಕಾದ್ದನ್ನೇ ಕೊಡುತ್ತಾರೆ.

ಅಲ್ಲಿ ಕಾಲವೇನೂ ನಿಂತಿಲ್ಲ. 2016ರಲ್ಲಿ ಉದ್ಘಾಟನೆಯಾದ ಗಿಬೆ-3 ಅಣೆಕಟ್ಟು ಓಮೋ ನದಿಗೆ ವರ್ಷವರ್ಷ ಬರುತ್ತಿದ್ದ ನೆರೆಯನ್ನೇ ತಡೆಯಿತು. ನೆರೆ ಇಳಿದ ಮೇಲೆ ದಡದ ಹಸಿ ಮಣ್ಣಿನಲ್ಲಿ ಜೋಳ ಬಿತ್ತಿ, ದನ ಸಾಕಿ ಬದುಕುತ್ತಿದ್ದವರು ಇವರು. ಸಾಲದ್ದಕ್ಕೆ ಸರ್ಕಾರದ ಕಬ್ಬಿನ ತೋಟಗಳೂ ಕಣಿವೆಗೆ ಬಂದವು. ಅಣೆಕಟ್ಟು, ಕಬ್ಬು, ಜಮೀನು ಕಳೆದುಕೊಂಡವರು: ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಿಮ್ಮ ಪುರವಣಿಯಲ್ಲೂ ವಿದೇಶಿ ಏಜೆನ್ಸಿಗಳ ಇಂಥ ಚಿತ್ರಗಳು ಆಗಾಗ ಬರುತ್ತವೆ. ಮುಂದಿನ ಸಲ ಹಾಕುವಾಗ ಕೆಳಗೆ ಆ ಅಣೆಕಟ್ಟಿನ ಬಗ್ಗೆಯೂ ನಾಲ್ಕು ಸಾಲು ಸೇರಿಸಿ.

– ಒಬ್ಬ ಓದುಗ, ಶಿವಮೊಗ್ಗ