ಮಗಳಿಗೆ ಒಂದು ವರ್ಷ ತುಂಬಿತು, ನಿಮ್ಮೆಲ್ಲರಿಗೂ ಒಂದು ಮಾತು ಹೇಳಬೇಕಿತ್ತು

ಮೊನ್ನೆ ನಮ್ಮ ಮಗಳಿಗೆ ಒಂದು ವರ್ಷ ತುಂಬಿತು. ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಹುಟ್ಟಿದಾಗ ಒಂದೂವರೆ ಕಿಲೋನೂ ಇರಲಿಲ್ಲ, ದಿನ ತುಂಬುವ ಮೊದಲೇ ಬಂದವಳು. ಆಗ ಜೊತೆಗೆ ನಿಂತ ಎಲ್ಲರಿಗೂ ಹೆಸರು ಹಾಕದೆ, ಆದರೆ ಓದಿದ ಕೂಡಲೇ ಇದು ನಾನೇ ಅಂತ ಅವರಿಗೆ ಗೊತ್ತಾಗುವ ಹಾಗೆ, ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಬ್ಬಳ್ಳಿಯ ಆ ನರ್ಸ್ ಅಕ್ಕ. ಮಗುವನ್ನು ಮುಟ್ಟೋಕೂ ಹೆದರುತ್ತಿದ್ದ ನನ್ನನ್ನು ಕೂರಿಸಿ, ಅವಳನ್ನು ಬರೀ ಮೈಯಲ್ಲಿ ನನ್ನ ಎದೆಗೆ ಒರಗಿಸಿ, "ನಿಮ್ಮ ಮೈಕಾವು ಸಾಕ್ರೀ ಆಕಿಗೆ" ಅಂದರು. ದಿನ ತುಂಬದ ಮಕ್ಕಳಿಗೆ ಚರ್ಮದ ಕೆಳಗೆ ಕೊಬ್ಬು ಕಡಿಮೆ, ಮೈ ಬೇಗ ತಣ್ಣಗಾಗುತ್ತದೆ. ಹೀಗೆ ಮೈಗೆ ಮೈ ತಾಗಿಸಿ ಎದೆಗೆ ಒರಗಿಸಿಕೊಳ್ಳೋದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. ಕೊಲಂಬಿಯಾದ ಬೊಗೋಟಾದಲ್ಲಿ 1978ರ ಸುಮಾರಿಗೆ, ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರುಗಳು ಶುರು ಮಾಡಿದ್ದಂತೆ. ಅಕ್ಕ, ಡ್ಯೂಟಿ ಮುಗಿದ ಮೇಲೂ ನೀವು ಪಕ್ಕದಲ್ಲೇ ನಿಂತಿರುತ್ತಿದ್ದಿರಿ.

ಅಂಗಡಿಯಲ್ಲಿ ಸಿಗುವ ಟೋಪಿ ಹಾಕಿದರೆ ಅವಳ ಮುಖವೇ ಮುಚ್ಚಿಹೋಗುತ್ತಿತ್ತು. ನಮ್ಮ ಓಣಿಯ ಟೀಚರ್‌ಗೆ ಈ ವಿಷಯ ಯಾರು ಹೇಳಿದರೋ ಗೊತ್ತಿಲ್ಲ. ಸುಲಿದ ಸಣ್ಣ ತೆಂಗಿನಕಾಯಿಗೆ ತೊಡಿಸಿ ಅಳತೆ ನೋಡಿಕೊಂಡು, ಮೆತ್ತನೆ ಉಲ್ಲನ್ನಿನಲ್ಲಿ ಟೋಪಿ ಹೆಣೆದು ಕಳಿಸಿದರು. ಮುಂದಿನದು ಸ್ವಲ್ಪ ದೊಡ್ಡದು, ಅದರ ಮುಂದಿನದು ಇನ್ನೂ ದೊಡ್ಡದು. ಅವಳು ಬೆಳೆಯುತ್ತಾಳೆ ಅಂತ ನಮಗಿಂತ ಮೊದಲು ನಂಬಿದವರು ನೀವೇ ಟೀಚರ್.

ಹಳಿಯಾಳದಿಂದ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್ ಅಣ್ಣನಿಗೂ ದೊಡ್ಡ ನಮಸ್ಕಾರ. ಪಕ್ಕದ ಮನೆಯ ವೈನಿ ಕೊಟ್ಟ ರೊಟ್ಟಿ, ಪಲ್ಯ, ಅಂಟಿನುಂಡಿಯ ಡಬ್ಬಿಯನ್ನು ತಮ್ಮ ಸೀಟಿನ ಹತ್ತಿರವೇ ಇಟ್ಟುಕೊಂಡು ತರುತ್ತಿದ್ದರು.

ಇನ್ನು ಅಜ್ಜಿ. ಅವರ ಬಗ್ಗೆ ಜಾಸ್ತಿ ಬರೆಯದೆ ಇರೋಕಾಗಲ್ಲ. ನಮ್ಮ ತವರಿನ ಹತ್ತಿರದ ಸಿದ್ದಿ ಅಜ್ಜಿ, ಅಂದರೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು. ಮಗು ಮನೆಗೆ ಬರುತ್ತದೆ ಅಂತ ಗೊತ್ತಾದ ದಿನವೇ ಅಮ್ಮನ ಹತ್ತಿರ ಬಂದು ಹಳೇ ಬಟ್ಟೆ ಕೇಳಿದರಂತೆ. ಹೊಸದು ತಂದುಕೊಡುತ್ತೇವೆ ಅಂದಿದ್ದಕ್ಕೆ, "ಹೊಸ ಅರಿವಿ ಕೂಸಿನ ಮೈಗೆ ಒರಟು. ನೀ ಉಟ್ಟು ಒಗೆದಿದ್ದು ಕೊಡವಾ" ಅಂದರಂತೆ. ಅಮ್ಮನ ಹಳೇ ನೂಲಿನ ಸೀರೆ, ಅಪ್ಪನ ಪಂಚೆ, ನನ್ನ ಕಾಲೇಜು ದಿನಗಳ ಕೆಂಪು ಚೂಡಿದಾರ, ಎಲ್ಲ ಸೇರಿ ಪುಟ್ಟ ಕೌದಿ ಆಯಿತು. ಒಂದು ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತು ಹಾಕುತ್ತಾ ನಡುವಿನ ತನಕ ಬರೋದು ಅವರ ಹೊಲಿಗೆಯ ರೀತಿ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ, ಅದಕ್ಕೆ ಅವರು ಹೂವು ಅನ್ನುತ್ತಾರೆ. ಪೂರ್ತಿ ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಒಳಗೆ ಇಟ್ಟರು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ, ಅದನ್ನು ಹಾಸಿಕೊಂಡು ಮಲಗುವ ಕೂಸಿನ ಹೊಟ್ಟೆಯೂ ತುಂಬಿರಬೇಕಂತೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಅಮೆರಿಕದ ಪ್ರದರ್ಶನದ ತನಕ ಹೋಗಿವೆ. ಮಾರಿದ್ದರೆ ಅಜ್ಜಿಗೆ ಒಳ್ಳೆ ದುಡ್ಡು ಸಿಗುತ್ತಿತ್ತು. ನಾವು ಕೊಡೋಕೆ ಹೋದರೆ ಕೈಯನ್ನೇ ಹಿಂದೆ ಕಟ್ಟಿಕೊಂಡರು. ಕಣ್ಣು ಮಂಜು, ಸೂಜಿಗೆ ದಾರ ಪೋಣಿಸೋಕೆ ಮೊಮ್ಮಗ ಬೇಕು, ಆದರೂ ಆ ಕೌದಿಯ ಒಂದು ಹೊಲಿಗೆಯೂ ಇವತ್ತಿನ ತನಕ ಬಿಚ್ಚಿಲ್ಲ. ನಡುವೆ ಬರುವ ಕೆಂಪು ತುಂಡು ಮಗಳಿಗೆ ಬಹಳ ಇಷ್ಟ, ಅದನ್ನೇ ಬೆರಳಲ್ಲಿ ಕೆರೆಯುತ್ತಾ ಮಲಗುತ್ತಾಳೆ. ಅಜ್ಜಿ ಫೋನ್ ನೋಡುವವರಲ್ಲ. ಅವರ ಮೊಮ್ಮಗನೇ, ನೀನು ಇದನ್ನು ಅವರಿಗೆ ಓದಿ ಹೇಳು, ಪ್ಲೀಸ್.

ಇವರಲ್ಲಿ ಯಾರನ್ನೂ ನಾವು ಕೇಳಿರಲಿಲ್ಲ. ಕೇಳುವಷ್ಟು ತ್ರಾಣವೂ ನಮಗಿರಲಿಲ್ಲ. ಏನು ಬೇಕು ಅಂತ ಅವರೇ ಯೋಚನೆ ಮಾಡಿ, ಮನೆಯಲ್ಲಿ ಇದ್ದದ್ದರಲ್ಲೇ ಮಾಡಿಕೊಟ್ಟರು. ಇದನ್ನು ನಾನು ಸಾಯೋ ತನಕ ಮರೆಯಲ್ಲ.

ಈ ಭಾನುವಾರ ತವರಲ್ಲಿ ಗುಗ್ಗರಿ ಹಂಚುತ್ತಿದ್ದೇವೆ, ಎಲ್ಲರೂ ಬರಬೇಕು. ವೈನಿ, ನಿಮ್ಮ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಗಳು ಇನ್ನೂ ನಮ್ಮ ಕಪಾಟಿನಲ್ಲೇ ಇವೆ, ಅವತ್ತು ಗುಗ್ಗರಿ ತುಂಬಿ ಕೊಡುತ್ತೇನೆ.