ಆಪರೇಷನ್‌ಗೆ ಮುಂಚೆ ಮಗಳಿಗೊಂದು ಪತ್ರ

ಮಗಳೇ,

ನಿನ್ನ ಗಂಡನ ಗುದನಾಳದ ಕ್ಯಾನ್ಸರ್ ಆಪರೇಷನ್ ಆದಮೇಲೆ ಹೊಟ್ಟೆಗೆ ಅಂಟಿಸುವ ಬ್ಯಾಗಿನ ಬಗ್ಗೆ ಫೋನಿನಲ್ಲಿ ನೀನು ಮತ್ತೆ ಮತ್ತೆ ಕೇಳಿದ್ದು ಒಂದೇ. "ಅಮ್ಮಾ, ಇದು ಜೀವನಪೂರ್ತಿನಾ?" ಹೌದು ಕಂದಾ, ಜೀವನಪೂರ್ತಿ. ಗಡ್ಡೆ ಗುದದ್ವಾರಕ್ಕೆ ಅಷ್ಟು ಹತ್ತಿರ ಇರುವಾಗ, ಮಲ ತಡೆದು ಹಿಡಿಯುವ ಸ್ನಾಯುವನ್ನು ಉಳಿಸಿಕೊಂಡು ಕ್ಯಾನ್ಸರನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಗುದನಾಳ, ಗುದದ್ವಾರ ಎರಡನ್ನೂ ತೆಗೆದು ಕೆಳಗೆ ಹೊಲಿಗೆ ಹಾಕುತ್ತಾರೆ. ಉಳಿದ ದೊಡ್ಡಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಅದೇ ಸ್ಟೋಮಾ. ಇನ್ನು ಮಲ ಅಲ್ಲಿಂದಲೇ ಹೊರಬಂದು, ಅದರ ಮೇಲೆ ಅಂಟಿಸಿದ ಬ್ಯಾಗಿಗೆ ಬೀಳುತ್ತದೆ. "ಮುಂದೆ ಸರಿ ಹೋಗಬಹುದು ಬಿಡಿ" ಅಂತ ಸುಮ್ನೆ ಸಮಾಧಾನಕ್ಕೆ ಅವರಿಗೆ ಹೇಳಬೇಡ. ಅವರು ಡಾಕ್ಟರ ಬಾಯಿಂದ ನಿಜ ಕೇಳಿದ್ದಾರೆ. ಮನೆಯಲ್ಲೂ ಅದೇ ಮಾತು ಇರಲಿ.

ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದಷ್ಟು ಕಾಲ ಇಂಥ ಎಷ್ಟೋ ಗಂಡ ಹೆಂಡತಿಯರನ್ನು ನೋಡಿದ್ದೇನೆ. ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು. ಆ ಬ್ಯಾಗಿನ ಕೆಲಸ ಅವರ ಕೈಯಲ್ಲೇ ಇರಲಿ. ಪ್ರೀತಿಯಿಂದ ಎಲ್ಲವನ್ನೂ ತಾವೇ ಮಾಡುವ ಹೆಂಡತಿಯರಿದ್ದರು. ಅವರ ಗಂಡಂದಿರು ತಿಂಗಳುಗಟ್ಟಲೆ ತಮ್ಮ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿರಲಿಲ್ಲ. ಹೆಂಡತಿ ಜೊತೆಗಿಲ್ಲದೆ ಮನೆ ಬಿಟ್ಟು ಹೊರಡುವ ಧೈರ್ಯವೂ ಅವರಿಗೆ ಬರುತ್ತಿರಲಿಲ್ಲ.

ಆಪರೇಷನ್‌ಗೆ ಮುಂಚೆ ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಇದು ಸಣ್ಣ ವಿಷಯ ಅಂದುಕೊಳ್ಳಬೇಡ. ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಮಡಿಕೆ ಬೀಳುವ ಜಾಗ, ಬೆಲ್ಟ್ ಕೂರುವ ಜಾಗ ಬಿಟ್ಟು, ಅವರ ಕಣ್ಣಿಗೆ ಸಲೀಸಾಗಿ ಕಾಣುವ ಕಡೆ ಗುರುತು ಬೀಳಬೇಕು. ದಿನಾ ಹಾಕುವ ಪ್ಯಾಂಟನ್ನೇ ಹಾಕಿಕೊಂಡು ಹೋಗಲಿ. ಜಾಗ ಸರಿ ಇಲ್ಲದಿದ್ದರೆ ಬ್ಯಾಗ್ ಸೋರುತ್ತದೆ, ಸೋರಿದರೆ ಚರ್ಮ ಕೆಡುತ್ತದೆ. ಒಂದು ಖಾಲಿ ಬ್ಯಾಗ್ ಕೇಳಿ ತಗೋ. ಸ್ವಲ್ಪ ನೀರು ತುಂಬಿ, ಅಂಟಿಸಿಕೊಂಡು ಒಂದು ದಿನ ಓಡಾಡಲಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ಮೊದಲ ಸಲ ಸ್ಟೋಮಾ ನೋಡುವಾಗ ನೀನು ಅಲ್ಲೇ ಇರು, ಅವರು ಬೇಡ ಅನ್ನದಿದ್ದರೆ. ಆ ಹೊತ್ತಿನಲ್ಲಿ ತುಂಬಾ ಗಂಡಸರು ಮೊದಲು ನೋಡುವುದು ಹೆಂಡತಿಯ ಮುಖವನ್ನು. ಅದಕ್ಕೇ ಫೋಟೋಗಳನ್ನು ಈಗಲೇ ನೋಡಿರು. ಸ್ಟೋಮಾ ಕೆಂಪಗೆ, ಒದ್ದೆಯಾಗಿ, ಬಾಯಿಯೊಳಗಿನ ಕೆನ್ನೆಯ ಹಾಗಿರುತ್ತದೆ. ಶುರುವಿನಲ್ಲಿ ಊದಿಕೊಂಡಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ, ಅಲ್ಲಿ ನೋವಿನ ನರಗಳಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ.

ಬ್ಯಾಗ್ ಬದಲಿಸುವುದನ್ನು ನೀನೂ ಕಲಿ, ಅವರಿಗೆ ಜ್ವರ ಬಂದ ದಿನ ಬೇಕಾಗುತ್ತದೆ. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು, ಹಳೆಯದನ್ನು ಮೇಲಿನಿಂದ ಕೆಳಕ್ಕೆ ನಿಧಾನ ಬಿಡಿಸಬೇಕು. ತೊಳೆಯಲು ಬೆಚ್ಚಗಿನ ನೀರು ಸಾಕು. ಕ್ರೀಮ್, ಎಣ್ಣೆ ಅಂಶದ ಸೋಪು ಬೇಡ, ಅಂಟು ಹಿಡಿಯುವುದಿಲ್ಲ. ಉಜ್ಜದೆ, ಒತ್ತಿ ಒತ್ತಿ ಒರೆಸಿ ಪೂರ್ತಿ ಒಣಗಿಸಿ. ಹೊಸದರ ತೂತು ಸ್ಟೋಮಾಗಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮೊದಲ 6–8 ವಾರ ಸ್ಟೋಮಾ ಕುಗ್ಗುತ್ತಾ ಬರುವುದರಿಂದ ಆಗಾಗ ಅಳತೆ ನೋಡಬೇಕು. ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈ ಒತ್ತಿ ಇಟ್ಟುಕೊಂಡರೆ ಮೈಬಿಸಿಗೆ ಚೆನ್ನಾಗಿ ಹಿಡಿಯುತ್ತದೆ. ಮೊದಮೊದಲು ಅರ್ಧ ಗಂಟೆ ಹಿಡಿಯಬಹುದು. ನೀನು ಪಕ್ಕದಲ್ಲಿದ್ದು ಕತ್ತರಿ ಕೊಡು, ಹಳೆಯದನ್ನು ಚೀಲಕ್ಕೆ ಹಾಕು. ಅವಸರ ಪಡಿಸಬೇಡ. ಕೈಯಿಂದ ಕಿತ್ತುಕೊಂಡು ನೀನೇ ಮಾಡಲು ಹೋಗಬೇಡ.

ಈ ಅಂಟುವ ಬ್ಯಾಗ್ ಹೇಗೆ ಬಂತು ಗೊತ್ತಾ? ಡೆನ್ಮಾರ್ಕಿನ ಎಲಿಸೆ ಸೋರೆನ್ಸನ್ ಅನ್ನುವ ನರ್ಸ್‌ನ ತಂಗಿಗೆ ಸ್ಟೋಮಾ ಆಗಿತ್ತು. ಸೋರುತ್ತದೆ ಅನ್ನುವ ಭಯಕ್ಕೆ ಆಕೆ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ಅದನ್ನು ನೋಡಲಾಗದೆ 1954ರಲ್ಲಿ ಎಲಿಸೆ ಇದನ್ನು ಯೋಚಿಸಿದರು. ನನಗೆ ಆಕೆಯ ಮೇಲೆ ಬಹಳ ಗೌರವ.

ಎಲ್ಲರ ಗಮನ ಸ್ಟೋಮಾ ಮೇಲೇ ಇರುತ್ತದೆ. ನಿಜಕ್ಕೂ ಜಾಸ್ತಿ ಕಾಡುವುದು ಕೆಳಗಿನ ಗಾಯ. ಮಾಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು, ಮೊದಲೇ ರೇಡಿಯೇಷನ್ ಆಗಿದ್ದರೆ ಇನ್ನೂ ನಿಧಾನ. ಕೂರುವುದು ಕಷ್ಟ. ಮೆತ್ತನೆಯ ದಿಂಬು ಇರಲಿ, ನಡುವೆ ತೂತಿರುವ ರಿಂಗ್ ಬೇಡ, ಅದು ಗಾಯವನ್ನು ಎಳೆಯುತ್ತದೆ. ಗುದದ್ವಾರ ಇಲ್ಲದಿದ್ದರೂ ಮಲ ಬರುತ್ತಿದೆ ಅನ್ನಿಸಬಹುದು. ಅದು ಭ್ರಮೆಯಲ್ಲ, ಹುಚ್ಚೂ ಅಲ್ಲ, ನರಗಳ ಹಳೆ ಅಭ್ಯಾಸ. ಭಾರ ಎತ್ತುವುದು ಸದ್ಯಕ್ಕೆ ಪೂರ್ತಿ ಬೇಡ, ಸ್ಟೋಮಾ ಪಕ್ಕದಲ್ಲಿ ಹರ್ನಿಯಾ ಆಗಬಹುದು.

ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಅಥವಾ ಏನೂ ಹೊರಗೆ ಬರದೆ ಹೊಟ್ಟೆ ಉಬ್ಬಿ ವಾಂತಿಯಾದರೆ, ಬೆಳಗಾಗಲಿ ಅಂತ ಕಾಯಬೇಡ. ತಕ್ಷಣ ಆಸ್ಪತ್ರೆಗೆ ಹೊರಡು.

ಅಮ್ಮ ಇದನ್ನೂ ಬರೀತಾಳಾ ಅನ್ನಬೇಡ. ಈ ಆಪರೇಷನ್‌ನಲ್ಲಿ ಲೈಂಗಿಕ ಶಕ್ತಿಗೆ ಸಂಬಂಧಪಟ್ಟ ನರಗಳಿಗೆ ಪೆಟ್ಟಾಗಬಹುದು. ಹಾಗಾದರೆ ನಿನ್ನ ಮೇಲಿನ ಆಸೆ ಕಡಿಮೆಯಾಯಿತು ಅಂತ ನೀನು ತಿಳಿಯಬಾರದು, ನಿನಗೆ ಅಸಹ್ಯ ಅಂತ ಅವರೂ ತಿಳಿಯಬಾರದು. ಈಗಲೇ ಇಬ್ಬರೂ ಕೂತು ಡಾಕ್ಟರನ್ನು ಕೇಳಿ. ಚಿಕಿತ್ಸೆ ಇದೆ. ಮುಂದೆ ಮಗು ಬೇಕು ಅನ್ನಿಸಿದರೆ ವೀರ್ಯ ತೆಗೆದಿಡುವ ಮಾತನ್ನು ಚಿಕಿತ್ಸೆಗೆ ಮುಂಚೆಯೇ ಎತ್ತಬೇಕು. ಆಸ್ಪತ್ರೆಯವರು ತಾವಾಗಿ ಹೇಳಲಿ ಅಂತ ಕಾಯಬೇಡಿ.

ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದನ್ನು ಅವರೇ ತೀರ್ಮಾನಿಸಲಿ. ನಿನಗೆ ಅಳು ಬಂದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ರಾತ್ರಿ ಆಸ್ಪತ್ರೆಯಲ್ಲಿರಲು ನಾನು ಬರುತ್ತೇನೆ, ನೀನು ಮನೆಗೆ ಹೋಗಿ ಮಲಗಬಹುದು. ಆದರೆ ಅತ್ತೆ ಹತ್ತಿರ ಇರುವುದು ಅವರಿಗೆ ಮುಜುಗರ ಆಗುತ್ತಾ ಅಂತ ಮೊದಲು ಕೇಳಿ ತಿಳಿಸು. ಬೇಡ ಅಂದರೆ ನನಗೆ ಬೇಜಾರಿಲ್ಲ, ಮನೆ ಕಡೆಯ ಕೆಲಸ ನೋಡಿಕೊಳ್ಳುತ್ತೇನೆ.

ಅಮ್ಮ